ಒಂದನೇ ನಂಬರಿನ ಕಾರ್ಡು

೨೦೨೫ರ ನವೆಂಬರ್ ೧೮, ಮಂಗಳವಾರ. ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಕನಕಪುರದ ಠಾಣೆಯ ಮುಂದೆ ದೂರುದಾರನೂ ಆರೋಪ ಹೊತ್ತವಳೂ ಒಂದೇ ಸ್ಕೂಟರಿನಿಂದ ಇಳಿದರು. ಮಂಜು ಇನ್ನೂ ಕರಗಿರಲಿಲ್ಲ. ಇನ್ಸ್‌ಪೆಕ್ಟರ್ ಬೋರಲಿಂಗಯ್ಯ ಕಿಟಕಿಯಿಂದ ನೋಡಿದಾಗ, ಬಿಳಿ ಪರದೆಯೊಳಗಿಂದ ಯಾರೋ ಇಬ್ಬರು ನಿಧಾನವಾಗಿ ಮೂಡಿ ಬರುತ್ತಿರುವಂತೆ ಕಂಡಿತು.

ಗಂಡಸು ತಾಜ್ ಪಾಷಾ. ದೊಡ್ಡಆಲಹಳ್ಳಿಯ ಹತ್ತಿರ ಚಾಕಿ ಕೇಂದ್ರ ನಡೆಸುವವನು. ಮೊಟ್ಟೆಯೊಡೆದು ಬಂದ ರೇಷ್ಮೆಹುಳವನ್ನು ಎಂಟು ಹತ್ತು ದಿನ ಜೋಪಾನ ಮಾಡಿ ರೈತರ ಕೈಗೆ ಕೊಡುವುದು ಅವನ ಕೆಲಸ. ಹೆಂಗಸು ಮುನಿಯಮ್ಮ, ಅವನ ಕೇಂದ್ರದಲ್ಲಿ ಹದಿನಾಲ್ಕು ವರ್ಷದಿಂದ ಹುಳ ನೋಡಿಕೊಂಡು ಬಂದವಳು. ಅರವತ್ತರ ಹತ್ತಿರ ವಯಸ್ಸು, ಕುಳ್ಳಗಿನ ಮೈಕಟ್ಟು, ಸೊಪ್ಪಿನ ಹಸಿರು ಹತ್ತಿದ ಉಗುರು.

"ಶನಿವಾರ ಮಧ್ಯಾಹ್ನ ಹುಳದ ಮನೆ ಕಾದುಬಿಡ್ತು ಸಾರ್," ಎಂದ ತಾಜ್ ಪಾಷಾ. "ಇಪ್ಪತ್ತೇಳು ಡಿಗ್ರಿ ಇರ್ಬೇಕಾದ್ದು ನಲವತ್ತೆರಡು. ಅರವತ್ತು ಮನೆಗೆ ಕೊಡ್ಬೇಕಿದ್ದ ಹುಳ, ಒಂದೂ ಉಳೀಲಿಲ್ಲ. ಅಲಾರಂ ಕೂಗಿದೆ, ಈಯಮ್ಮ ನಿಲ್ಲಿಸಿದ್ದಾಳೆ ಅಂತ ಶಾಖ ನೋಡ್ಕೊಳ್ಳೋ ಪೆಟ್ಟಿಗೆ ಮಾಡಿದ ಕಂಪನಿಯೋರು ಹೇಳ್ತಾರೆ. ಪೊಲೀಸ್ ಕಂಪ್ಲೇಂಟ್ ಇಲ್ದೆ ಹೊಸ ಪೆಟ್ಟಿಗೆ ಕೊಡಲ್ವಂತೆ. ನನಗೆ ಇಷ್ಟ ಇಲ್ಲ, ಖುದಾ ಸಾಕ್ಷಿ."

ಬೋರಲಿಂಗಯ್ಯ ಹೆಂಗಸಿನ ಕಡೆ ತಿರುಗಿದರು. "ನೀವು ನಿಲ್ಲಿಸಿದ್ರಾ?"

"ನಿಲ್ಸಿರ್ಬೇಕು ಸಾಮಿ."

"ನಿಲ್ಸಿರ್ಬೇಕು ಅಂದ್ರೆ?"

"ನಂಗೆ ಗ್ಯಾನ ಇಲ್ಲ. ಗ್ವಾಡೆಗೆ ಒರಗಿ ಒಸಿ ಕಣ್ ಮುಚ್ಚಿದ್ದೆ. ನಿದ್ದೆಗಣ್ಣಲ್ಲಿ ಎದ್ದೋಗಿ ಒತ್ತಿದ್ದೀನೋ ಏನೋ. ಮಿಷಿನ್ನು ಸುಳ್ಳು ಹೇಳ್ತದಾ? ನನ್ನ ಹಿಡ್ಕಳಿ ಸಾಮಿ. ಮೂರು ದಿನದಿಂದ ಗಂಟಲಲ್ಲಿ ಅನ್ನ ಇಳೀತಿಲ್ಲ."

ಇಪ್ಪತ್ತೆಂಟು ವರ್ಷದ ಸರ್ವಿಸಿನಲ್ಲಿ ಬೋರಲಿಂಗಯ್ಯ ಮಾಡಿದ್ದನ್ನು ಇಲ್ಲವೆನ್ನುವವರನ್ನು ಬೇಕಾದಷ್ಟು ನೋಡಿದ್ದರು. ಮಾಡಿದ್ದೇ ನೆನಪಿಲ್ಲದೆ ಹೌದೆನ್ನುವವರು ಅಪರೂಪ. ಹೋದ ವರ್ಷ ಡೆಂಗಿ ಜ್ವರ ಬಂದು ಹೋದಮೇಲೆ ಅವರಿಗೂ ನೆನಪು ಕೈಕೊಡುತ್ತಿತ್ತು. ಮನೆಯ ಬೀಗ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ತಿರುಗಿ ಹೋದದ್ದುಂಟು. ಹಾಕಿಲ್ಲವೆಂದು ಯಾರಾದರೂ ಗಟ್ಟಿಯಾಗಿ ಹೇಳಿದ್ದರೆ ಅದನ್ನೇ ನಂಬುತ್ತಿದ್ದರು.

ಹತ್ತು ಗಂಟೆಗೆ ಎಫ್‌ಐಆರ್ ದಾಖಲಾಯಿತು. ಆರೋಪಿಯ ಕಾಲಮ್ಮಿನಲ್ಲಿ ಅವರು ಮುನಿಯಮ್ಮನ ಹೆಸರು ಬರೆಸಲಿಲ್ಲ. 'ತನಿಖೆಯಿಂದ ತಿಳಿಯಬೇಕಿದೆ' ಎಂದು ಬರೆಸಿದರು.

ಹನ್ನೆರಡಕ್ಕೆ ಮಹಿಳಾ ಕಾನ್‌ಸ್ಟೇಬಲ್ ಅಸ್ರಾಳನ್ನು ಕರೆದುಕೊಂಡು ಸ್ಥಳಕ್ಕೆ ಹೋದರು. ಹುಳದ ಮನೆ ಉದ್ದನೆಯ ಹಜಾರ. ಸತ್ತ ಹುಳವನ್ನೆಲ್ಲ ಆಗಲೇ ಹೊರಗೆ ಸುಟ್ಟಿದ್ದರು. ಪಕ್ಕದ ಕೋಣೆಯಲ್ಲಿ ಬೇರೆ ತಂಡದ ಹುಳ ಮೂರು ದಿನದ್ದಿತ್ತು. ಕಪ್ಪುಬಟ್ಟೆಯ ಮಬ್ಬು, ಬೆಚ್ಚಗಿನ ತೇವ, ಕತ್ತರಿಸಿದ ಹಿಪ್ಪುನೇರಳೆ ಸೊಪ್ಪಿನ ವಾಸನೆ. ತಟ್ಟೆಗಳ ನಡುವೆ ನಿಂತು ಕಿವಿಗೊಟ್ಟರೆ ಲಕ್ಷಗಟ್ಟಲೆ ಪುಟ್ಟ ಬಾಯಿಗಳು ಎಲೆ ತಿನ್ನುವ ಸದ್ದು, ಎಲ್ಲೋ ದೂರದ ತೋಟದ ಮೇಲೆ ಸೋನೆ ಹನಿಯುತ್ತಿದೆಯೇನೋ ಅನ್ನುವ ಹಾಗೆ. ಬೋರಲಿಂಗಯ್ಯನ ರೆಪ್ಪೆ ಭಾರವಾಯಿತು. ನಿಂತಲ್ಲೇ ಒಂದು ಕ್ಷಣ ಅವರು ತಾವು ಯಾರು, ಯಾಕೆ ಬಂದಿದ್ದೇವೆ ಎಂಬುದನ್ನೇ ಮರೆತರು.

"ಸರ್?" ಎಂದಳು ಅಸ್ರಾ.

"ಇಲ್ಲಿ ಯಾರಿಗಾದ್ರೂ ನಿದ್ದೆ ಬರ್ತದೆ," ಎಂದರು ಅವರು.

ಪೆಟ್ಟಿಗೆ ಇದ್ದದ್ದು ಬಾಗಿಲ ಮೇಲ್ಗಡೆ ಗೋಡೆಯಲ್ಲಿ. ಒದ್ದೆ ಕೈ ತಾಗದಿರಲಿ ಎಂದು ಕಂಪನಿಯವರೇ ಎತ್ತರದಲ್ಲಿ ಕೂರಿಸಿದ್ದರು. ಅಲಾರಂ ನಿಲ್ಲಿಸಬೇಕಾದರೆ ಕೆಲಸದವರು ತಮ್ಮ ಕಾರ್ಡನ್ನು ಅದಕ್ಕೆ ತಾಗಿಸಿ ಗುಂಡಿ ಒತ್ತಬೇಕು. ಅಸ್ರಾ ಟೇಪು ಹಿಡಿದಳು. ನೆಲದಿಂದ ಗುಂಡಿಗೆ ಏಳಡಿ ಎರಡಂಗುಲ. ಮುನಿಯಮ್ಮ ತುದಿಗಾಲಲ್ಲಿ ನಿಂತು ಕೈ ಚಾಚಿದಾಗ ಆರಡಿ ಮೂರಂಗುಲ.

"ಯಾವತ್ತೂ ಹೆಂಗೆ ಒತ್ತುತ್ತೀರಿ?"

"ಸ್ಟೂಲ್ ಮೇಲೆ ಹತ್ತಿ."

"ಶನಿವಾರ ಸ್ಟೂಲ್ ಎಲ್ಲಿತ್ತು?"

"ತೊಳ್ಯಾಕೆ ಆಚೆ ಹಾಕಿದ್ದೆ. ಎಚ್ಚರ ಆಗಿ ಓಡೋದಾಗ ಅಂಗಳದಲ್ಲೇ ಇತ್ತು."

"ಯಾವ ಸದ್ದಿಗೆ ಎಚ್ಚರ ಆಯ್ತು?"

"ಸದ್ದಿಗಲ್ಲ ಸಾಮಿ. ಹುಳ ಮೇಯೋ ಸದ್ದು ನಿಂತೋಗಿತ್ತು. ಅದ್ಕೇ ಎಚ್ಚರ ಆಯ್ತು."

ಇಬ್ಬರು ಪಂಚರ ಎದುರು ಪಂಚನಾಮೆ ಮುಗಿಸಿ, ಪೆಟ್ಟಿಗೆಯನ್ನು ಬಿಚ್ಚಿ, ಬಟ್ಟೆ ಸುತ್ತಿ ಅರಗಿನ ಮುದ್ರೆ ಹಾಕಿ, ಮಧ್ಯಾಹ್ನ ಮೂರೂಕಾಲಕ್ಕೆ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಿದರು.

೨೦ರ ಗುರುವಾರ ಚನ್ನಪಟ್ಟಣ. ಪೆಟ್ಟಿಗೆ ಮಾಡುವ ಸಣ್ಣ ಕಂಪನಿ ಹಳೆಯ ಬೊಂಬೆ ಕಾರ್ಖಾನೆಯೊಂದರ ಶೆಡ್ಡಿನಲ್ಲಿತ್ತು. ಗೋಡೆಯ ಬಿರುಕುಗಳಲ್ಲಿ ಇನ್ನೂ ಅರಗಿನ ಕೆಂಪು, ಹಳದಿ ಪುಡಿ ಕೂತಿತ್ತು. ಹೆಂಚಿನ ಸಂದಿಯಿಂದ ಬಿದ್ದ ಬಿಸಿಲುಕೋಲಿನಲ್ಲಿ ಆ ಪುಡಿ ತೇಲುತ್ತಿತ್ತು. ಮುಖ್ಯ ಎಂಜಿನಿಯರ್ ಅನಂತರಾಜು ಎದ್ದು ಕುರ್ಚಿ ಕೊಟ್ಟ. ನಲವತ್ತರ ಆಸುಪಾಸು, ಮೆದು ಮಾತು, ಕಣ್ಣ ಕೆಳಗೆ ಕಪ್ಪು.

"ಹೀಟರ್ ಕೆಟ್ಟಿದೆ. ಅಲಾರಂ ಕೂಗಿದೆ. ಒಂದು ಐವತ್ತೆರಡಕ್ಕೆ ಕಾರ್ಡ್ ನಂಬರ್ ಒಂದರಿಂದ ನಿಲ್ಲಿಸಿದ್ದಾರೆ. ಲಾಗ್‌ನಲ್ಲಿ, ಅಂದ್ರೆ ಪೆಟ್ಟಿಗೆಯ ದಿನಚರಿಯಲ್ಲಿ ಇದೆ ಸರ್."

"ಲಾಗ್ ತಿದ್ದೋಕಾಗುತ್ತಾ?"

"ಯಾಕೆ ತಿದ್ತಾರೆ ಸರ್?"

"ಆಗುತ್ತಾ ಅಂತ ಕೇಳ್ದೆ."

"ಸುಲಭ ಅಲ್ಲ."

"ಶನಿವಾರ ಪೆಟ್ಟಿಗೆಯಲ್ಲಿ ಏನಾದ್ರೂ ಬದಲಾಯಿಸಿದ್ರಾ?"

ಅನಂತರಾಜು ನೀರಿನ ಬಾಟಲಿಯ ಮುಚ್ಚಳ ತಿರುಗಿಸಿದ. "ಮಾಮೂಲಿ ಅಪ್‌ಡೇಟ್. ವಾರ ವಾರ ಇರುತ್ತೆ."

ನೋಟಿಸು ಕೊಟ್ಟು ಬದಲಾವಣೆಗಳ ವಹಿಯ ಪ್ರತಿ ಪಡೆದರು. ಹೊರಗೆ ಜೀಪಿನಲ್ಲಿ ಅಸ್ರಾ ಅದನ್ನು ಮಡಿಲ ಮೇಲಿಟ್ಟುಕೊಂಡು ಬೆರಳಾಡಿಸಿದಳು. ಎರಡು ವರ್ಷದಲ್ಲಿ ನಲವತ್ತೊಂದು ಬದಲಾವಣೆ. ಮೊದಲ ನಲವತ್ತರ ಮುಂದೆ 'ಪರಿಶೀಲನೆ: ಧನುಶ್ರೀ, ಮಾಗಡಿ' ಎಂದಿತ್ತು. ನವೆಂಬರ್ ೧೫, ಮಧ್ಯಾಹ್ನ ಒಂದು ನಲವತ್ತೇಳರ ಕೊನೆಯ ಸಾಲಿನ ಮುಂದೆ ಮಾತ್ರ ಏನೂ ಇರಲಿಲ್ಲ.

"ಐದು ನಿಮಿಷ ಸರ್," ಎಂದಳು ಅಸ್ರಾ. "ಇದು ಹೋಗಿದ್ದು ಒಂದು ನಲವತ್ತೇಳಕ್ಕೆ. ಅಲಾರಂ ನಿಂತಿದ್ದು ಒಂದು ಐವತ್ತೆರಡಕ್ಕೆ."

ಅಲ್ಲಿಂದ ನೇರ ಮಾಗಡಿಗೆ. ಸಾವನದುರ್ಗದ ಬಂಡೆ ದಾರಿಯುದ್ದಕ್ಕೂ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಬಂದು ನಿಲ್ಲುತ್ತಿತ್ತು. ಬೋರಲಿಂಗಯ್ಯನಿಗೆ ತಾವು ಓಡುತ್ತಿಲ್ಲ, ಬೆಟ್ಟವೇ ತಮ್ಮ ಸುತ್ತ ತಿರುಗುತ್ತಿದೆ ಅನ್ನಿಸಿತು.

ಧನುಶ್ರೀ ಮಹಡಿಯ ಕೋಣೆಯಲ್ಲಿದ್ದಳು. ಬೇರೆಯವರು ಬರೆದ ಕರ್ನಲ್ ಬದಲಾವಣೆಗಳನ್ನು ಸಾಲು ಸಾಲಾಗಿ ಓದಿ, ಎಲ್ಲಿ ಮುರಿಯಬಹುದೆಂದು ಹೇಳುವುದೇ ಅವಳ ಉದ್ಯೋಗ. ಅವರು ಮೆಟ್ಟಿಲು ಹತ್ತುವಾಗಲೂ ಮೆಲುದನಿಯಲ್ಲಿ ಏನನ್ನೋ ಓದಿಕೊಳ್ಳುತ್ತಿದ್ದಳು.

"ಕರ್ನಲ್ ಅಂದ್ರೆ ಏನಮ್ಮ? ನಮಗೆ ತಿಳಿಯೋ ಹಾಗೆ ಹೇಳಿ."

"ಪೆಟ್ಟಿಗೆಯೊಳಗಿನ ಯಜಮಾನ ಅಂದ್ಕೊಳ್ಳಿ ಸರ್. ಹೀಟರ್, ಅಲಾರಂ, ಕಾರ್ಡು, ಎಲ್ಲಾ ಅವನ ಮಾತು ಕೇಳ್ಬೇಕು."

"ಅವನೇ ಬಿದ್ದೋದ್ರೆ?"

"ಅದಕ್ಕೇ ಮೆಮೊರಿಯ ಒಂದು ಮೂಲೆ ಯಾರೂ ಮುಟ್ಟದ ಹಾಗೆ ಬಿಟ್ಟಿರ್ತೀವಿ. ಅಲ್ಲೊಬ್ಬ ಪುಟ್ಟ ಯಜಮಾನ ಮಲಗಿರ್ತಾನೆ. ದೊಡ್ಡವನು ಚೆನ್ನಾಗಿರೋವರೆಗೂ ಅವನಿಗೆ ಎಚ್ಚರವೇ ಇಲ್ಲ. ದೊಡ್ಡವನು ಬಿದ್ದ ಕ್ಷಣ ಎದ್ದು, ಅವನ ತಲೆಯಲ್ಲಿ ಕೊನೆಗೆ ಏನೇನಿತ್ತೋ ಅದನ್ನ ನಕಲು ಮಾಡಿಡ್ತಾನೆ. ಅಷ್ಟೇ ಅವನ ಕೆಲಸ."

ಬೋರಲಿಂಗಯ್ಯ ಜೇಬುಪುಸ್ತಕ ತೆಗೆದು ಬರೆದುಕೊಂಡರು. "ನೀವು ಕೊನೆಗೂ ಒಪ್ಪದ ಬದಲಾವಣೆ ಯಾವುದು?"

"ಮೊಬೈಲ್‌ನಲ್ಲಿ ಹುಳದ ಮನೆಯ ವಿಡಿಯೋ ತೋರಿಸಬೇಕು ಅಂತ ಆ ಮೂಲೆಯನ್ನ ಅರ್ಧಕ್ಕೆ ಇಳಿಸಿದ್ದರು. ಜಾಗ ಹಂಚಿದ ಲೆಕ್ಕವೂ ತಪ್ಪಿತ್ತು, ಪೆಟ್ಟಿಗೆ ಬೀಳೋ ಸಾಧ್ಯತೆ ಇತ್ತು. ಬಿದ್ದರೆ ಹೀಟರ್ ಆನ್ ಆಗಿದ್ದರೆ ಆನ್ ಆಗಿಯೇ ಉಳಿಯುತ್ತೆ. ಅಲಾರಂ ಕೂಗೋದೇ ಇಲ್ಲ. ನಾನು ಒಪ್ಪಲಿಲ್ಲ."

ಅವಳು ನವೆಂಬರ್ ೧೨ರ ತನ್ನ ಪತ್ರವನ್ನು ತೆರೆದು ತೋರಿಸಿದಳು. ಕೊನೆಯಲ್ಲಿ ಹೀಗಿತ್ತು: 'ದಯವಿಟ್ಟು ಇದನ್ನು ಕಳಿಸಬೇಡಿ. ಪೆಟ್ಟಿಗೆ ಬಿದ್ದರೆ ಯಾಕೆ ಬಿತ್ತೆಂದು ಗೊತ್ತಾಗುವುದಿಲ್ಲ. ಆಗ ತಪ್ಪು ಹತ್ತಿರ ನಿಂತವರ ತಲೆಯ ಮೇಲೆ ಬರುತ್ತದೆ.'

"ಶನಿವಾರ ಅದನ್ನ ಕಳಿಸಿದ್ದು ನಿಮಗೆ ಗೊತ್ತಿತ್ತಾ?"

"ಇಲ್ಲ ಸರ್. ಯಾರಿಗೇನಾಯ್ತು?"

ಅಸ್ರಾ ಹೇಳಿದಳು. ಧನುಶ್ರೀ ತಾನಾಗಿಯೇ ಮುಂದುವರಿಸಿದಳು. "ಇನ್ನೊಂದು ದಾಖಲೆ ಇದೆ, ಲಾಗ್ ಅಲ್ಲ. ಯಾವ ಫೈಲು ಯಾವಾಗ ಬದಲಾಯ್ತು ಅಂತ ಕರ್ನಲ್ ತಾನೇ ಬರ್ಕೊಳ್ಳೋದು. ಒಂದು ಸಾಲಿನ ಗುರುತು ಅದರ ಹಿಂದಿನ ಸಾಲಿಂದ ಹುಟ್ಟುತ್ತೆ. ನಡುವೆ ಒಂದನ್ನ ತಿದ್ದಿದರೆ ಅಲ್ಲಿಂದ ಮುಂದೆ ಎಲ್ಲಾ ತಪ್ಪುತ್ತೆ. ಪ್ರಯೋಗಾಲಯದವರಿಗೆ ಅದನ್ನೂ ನೋಡೋಕೆ ಹೇಳಿ. ಪುಟ್ಟವನಿಗೆ ಅರ್ಧ ಜಾಗ ಸಿಕ್ಕಿದ್ರೂ, ಅರ್ಧ ನೆನಪಾದ್ರೂ ಉಳಿದಿರಬೇಕು."

ಉಳಿದಿತ್ತು. ೨೭ರ ಗುರುವಾರ ಸಂಜೆ ನಾಲ್ಕು ಗಂಟೆಗೆ ವರದಿ ಬಂತು. ಒಂದು ಐವತ್ತೆರಡಕ್ಕೆ ಕರ್ನಲ್ ಕುಸಿದಿದೆ. ಉಳಿದ ಅರ್ಧ ಪ್ರತಿಯಲ್ಲಿ ಹೀಟರ್ ಚಾಲೂ ಇದೆ. ಅಲಾರಂ ಕೂಗಿಯೇ ಇಲ್ಲ. ಯಾವ ಕಾರ್ಡೂ ತಾಗಿಲ್ಲ. ಮೂರು ಇಪ್ಪತ್ತಕ್ಕೆ ತಾಜ್ ಪಾಷಾ ಮೇನ್ ಸ್ವಿಚ್ ಆರಿಸಿ ಹಾಕಿದ ಮೇಲೆ ಪೆಟ್ಟಿಗೆ ಎದ್ದಿದೆ. ಐದು ಹತ್ತಕ್ಕೆ ಲಾಗ್ ಫೈಲನ್ನು ಹೊರಗಿನಿಂದ ಯಾರೋ ತೆರೆದು ಒಂದು ಸಾಲು ಸೇರಿಸಿದ್ದಾರೆ. ಕರ್ನಲ್ ತನ್ನ ದಾಖಲೆಯಲ್ಲಿ ಅದನ್ನೂ ಬರೆದುಕೊಂಡಿದೆ. ಒಳಬಂದವರ ಲಾಗಿನ್ ಅನಂತರಾಜುವಿನದು.

ವರದಿಯ ಕೊನೆಯ ಹಾಳೆಯನ್ನು ಬೋರಲಿಂಗಯ್ಯ ಎರಡು ಸಲ ಓದಿದರು. ಸಾಯುವ ಮುಂಚೆ ಒಂದು ಯಂತ್ರ ಕಂಡ ಕೊನೆಯ ಕನಸನ್ನು ಓದುತ್ತಿರುವ ಹಾಗಿತ್ತು. ಮುನಿಯಮ್ಮ ಆ ಕನಸಿನಲ್ಲಿ ಎಲ್ಲೂ ಇರಲಿಲ್ಲ.

೨೮ರ ಶುಕ್ರವಾರ ಬೆಳಿಗ್ಗೆ ಹನ್ನೊಂದೂವರೆಗೆ ಅವರು ಚನ್ನಪಟ್ಟಣದ ಶೆಡ್ಡಿಗೆ ಕಾಲಿಟ್ಟಾಗ ಅನಂತರಾಜು ವರದಿಯ ಪ್ರತಿಯನ್ನು ನಿಂತೇ ಓದಿದ.

"ಅರ್ಧ ಉಳಿದಿತ್ತಾ?" ಎಂದ. ಅವನ ದನಿಯಲ್ಲಿ ಭಯಕ್ಕಿಂತ ಬೆರಗೇ ಹೆಚ್ಚಿತ್ತು. "ಅಷ್ಟು ಜಾಗದಲ್ಲಿ ಏನೂ ಉಳಿಯಲ್ಲ ಅಂದ್ಕೊಂಡಿದ್ದೆ."

"ಐದು ಹತ್ತಕ್ಕೆ ಆ ಸಾಲು ಬರೆದದ್ದು ನೀವೇನಾ?"

"ಹೌದು."

ಸುಳ್ಳು ಎಲೆಕ್ಟ್ರಾನಿಕ್ ದಾಖಲೆ ಸೃಷ್ಟಿಸಿದ ಆರೋಪದ ಮೇಲೆ ಬಂಧನ. ಕಾರಣವನ್ನು ಓದಿ ಹೇಳಿ, ಅವನ ಹೆಂಡತಿಗೆ ಫೋನಿನಲ್ಲಿ ತಿಳಿಸಿ, ಬಂಧನ ಪತ್ರಕ್ಕೆ ಸಹಿ ಪಡೆದರು. ಲ್ಯಾಪ್‌ಟಾಪಿಗೆ ಬೇರೆ ಪಂಚನಾಮೆ ಆಯಿತು.

ಠಾಣೆಯಲ್ಲಿ ಅವನು ನಿಧಾನವಾಗಿ ಹೇಳುತ್ತ ಹೋದ. ಅಸ್ರಾ ಬರೆದುಕೊಂಡಳು.

"ಎರಡು ವರ್ಷ ಸರ್. ನಲವತ್ತು ಸಲ ಬರೆದು ಕಳಿಸಿದೆ. ನಲವತ್ತು ಸಲವೂ ಧನುಶ್ರೀ ಅವರು ತಿದ್ದಿ ವಾಪಸ್ ಕಳಿಸಿದ್ರು. ತಿದ್ದಿದ್ದು ಸರಿಯೇ ಇರ್ತಿತ್ತು, ಅದೇ ಕಷ್ಟ. ಕನಸಲ್ಲೂ ನಾನು ಬರೀತಿದ್ದೆ, ಅಂಚಿನಲ್ಲಿ ಅವರ ಟಿಪ್ಪಣಿ ಬೀಳ್ತಿತ್ತು. ಒಂದೇ ಒಂದು ಸಲ, ಯಾರ ಗುರುತೂ ಇಲ್ಲದೆ ನನ್ನ ಕೆಲಸ ನಡೀಲಿ ಅನ್ನಿಸ್ತು. ಅದನ್ನೇ ಕಳಿಸ್ದೆ."

"ಬಿತ್ತು."

"ಬಿತ್ತು. ಅವರು ಹೇಳಿದ ಹಾಗೇ ಬಿತ್ತು. ಅದನ್ನ ಒಪ್ಕೊಳ್ಳೋಕೆ ಆಗ್ಲಿಲ್ಲ."

"ಮುನಿಯಮ್ಮನ ಹೆಸರು ಯಾಕೆ ಹಾಕಿದ್ರಿ? ಅವರ ಮೇಲೇನಾದ್ರೂ ಸಿಟ್ಟಿತ್ತಾ?"

ಅನಂತರಾಜು ತಲೆಯೆತ್ತಿದ. ಅವನಿಗೆ ಪ್ರಶ್ನೆ ಅರ್ಥವಾದಂತೆ ಕಾಣಲಿಲ್ಲ. "ಹೆಸರು ಹಾಕಿಲ್ಲ ಸರ್. ಒಂದು ಅಂತ ಹಾಕ್ದೆ. ಪಟ್ಟಿಯಲ್ಲಿ ಮೊದಲು ಅದೇ ಇತ್ತು."

ಕೇಂದ್ರದ ಅತಿ ಹಳೆಯ ಆಳೆಂಬ ಕಾರಣಕ್ಕೆ ತಾಜ್ ಪಾಷಾ ಪ್ರೀತಿಯಿಂದ ಅವಳಿಗೆ ಒಂದನೇ ನಂಬರಿನ ಕಾರ್ಡು ಕೊಟ್ಟಿದ್ದ. ಅದನ್ನೂ ಹೇಳಿಕೆಯ ಕೆಳಗೆ ಬರೆದಿಡು ಎಂದು ಬೋರಲಿಂಗಯ್ಯ ಅಸ್ರಾಳಿಗೆ ಹೇಳಿದರು.

ಮಧ್ಯಾಹ್ನ ಮೂರು ಗಂಟೆಗೆ ಅವರೊಬ್ಬರೇ ದೊಡ್ಡಆಲಹಳ್ಳಿಗೆ ಹೋದರು. ಮುನಿಯಮ್ಮ ಮನೆಯ ಜಗಲಿಯ ಮೇಲೆ ಕುಳಿತಿದ್ದಳು. ಜೀಪು ಕಂಡು, ಹೊರಡುವುದಕ್ಕೆಂದೇ ಕಟ್ಟಿಟ್ಟಿದ್ದ ಬಟ್ಟೆಗಂಟನ್ನು ಎತ್ತಿಕೊಂಡಳು. ಬೋರಲಿಂಗಯ್ಯ ಅದನ್ನು ಅವಳ ಕೈಯಿಂದ ತೆಗೆದು ಜಗಲಿಯ ಮೇಲಿಟ್ಟು, ಪಕ್ಕದಲ್ಲೇ ಕುಳಿತು ಎಲ್ಲವನ್ನೂ ಹೇಳಿದರು. ಕರ್ನಲ್ ಎಂಬ ಪದವನ್ನು ಒಮ್ಮೆಯೂ ಬಳಸಲಿಲ್ಲ.

"ಅಂಗಾರೆ ನಾನು ಒತ್ತಿಲ್ವಾ?"

"ಇಲ್ಲ ಕಣವ್ವ. ಅಲಾರಂ ಕೂಗಲೇ ಇಲ್ಲ."

"ನಿದ್ದೆಗಣ್ಣಲ್ಲೂ?"

"ನಿದ್ದೆಗಣ್ಣಲ್ಲೂ ಇಲ್ಲ. ನೀವು ಬರೀ ನಿದ್ದೆ ಮಾಡಿದ್ರಿ. ಅಷ್ಟೇ."

ಮುನಿಯಮ್ಮ ತನ್ನ ಎರಡೂ ಕೈಗಳನ್ನು ಮಡಿಲ ಮೇಲೆ ಅಂಗಾತ ಇಟ್ಟುಕೊಂಡು, ಯಾರೋ ಹಿಂದಿರುಗಿಸಿ ಕೊಟ್ಟ ವಸ್ತುವನ್ನು ನೋಡುವ ಹಾಗೆ ನೋಡಿದಳು. ಆಮೇಲೆ ಒಳಗೆ ತಿರುಗಿ ಸೊಸೆಗೆ ಕೂಗಿ ಹೇಳಿದಳು:

"ಲಕ್ಷ್ಮೀ, ಮುದ್ದೆಗೆ ಎಸರು ಇಡವ್ವ. ಇಬ್ರಿಗಾಗೋ ಅಷ್ಟು."