ಹಿಂಬದಿ ಬೋಗುಣಿಯ ಮೂವತ್ತು ಸೆಂಟಿಮೀಟರ್

ಕಚೇರಿಯ ಹೊರಗಿನ ಹಲಗೆಯನ್ನು ಓದಿದ ಕೂಡಲೇ ಮೊರಾಗ್ ಟುಲಕ್ ಕೈಯಲ್ಲಿದ್ದ ಚಹಾವನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟುಬಿಟ್ಟಳು. 'ಹೊಸ ಹಿಮ, ಹಿಂಬದಿ ಬೋಗುಣಿಯಲ್ಲಿ ಮೂವತ್ತು ಸೆಂಟಿಮೀಟರ್. ವರದಿ: ಮೊರಾಗ್' ಎಂದು ಅಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು.

ಹಾಕ್‌ಬರ್ನ್ ಸ್ಕೀ ಬೆಟ್ಟದಲ್ಲಿ ಹತ್ತೊಂಬತ್ತು ಚಳಿಗಾಲಗಳಿಂದ ಹಿಮ ಅಳೆಯುತ್ತಿದ್ದವಳು ಅವಳೇ. ಆ ದಿನ ಬೆಳಿಗ್ಗೆ ಆರಕ್ಕೆ ಅಳತೆಗೋಲಿನ ಬುಡದಲ್ಲಿ ಸಿಕ್ಕಿದ್ದು ಎಂಟೇ ಸೆಂಟಿಮೀಟರ್. ಮಿಕ್ಕಿದ್ದನ್ನೆಲ್ಲ ವಾಯವ್ಯದ ಗಾಳಿ ಬೆಟ್ಟದ ನೆತ್ತಿಯಿಂದ ಕೆರೆದು ಏಣಿನಾಚೆ, ಅಂದರೆ ಬೆಟ್ಟದ ಚೂಪು ಬೆನ್ನಿನಾಚೆ, ಬೋಗುಣಿ ಎಂದು ಕರೆಯುವ ಬಟ್ಟಲಿನಂಥ ಇಳಿಜಾರಿನ ಮೇಲಂಚಿಗೆ ತುಂಬಿತ್ತು. ಗಾಳಿ ತಂದು ತುಂಬಿದ ಹಿಮ ಬಿಲ್ಲೆಗಟ್ಟಿ ಕೂರುತ್ತದೆ, ಅಡಿಯಲ್ಲಿ ಹಿಡಿತವಿರುವುದಿಲ್ಲ. ಯಾರೂ ಅತ್ತ ಹೋಗಕೂಡದು ಎಂದು ತಿಳಿಸುವುದಕ್ಕೇ ಅವಳು ವರದಿಯಲ್ಲಿ ಮೂವತ್ತು ಎಂದು ಬರೆದಿದ್ದಳು. ವ್ಯವಸ್ಥಾಪಕ ಕ್ಲೈವ್ ಎಚ್ಚರಿಕೆಯ ಸಾಲನ್ನು ಕೈಬಿಟ್ಟು ಅಂಕಿಯನ್ನಷ್ಟೇ ಎತ್ತಿಕೊಂಡಿದ್ದ. ಎರಡು ವಾರದಿಂದ ಬೆಟ್ಟದಲ್ಲಿ ಜನವೇ ಇರಲಿಲ್ಲ, ಹೊಸ ಹಿಮ ಎಂದರೆ ಬರುತ್ತಾರೆ.

ಅತ್ತ ಯಾರಾದರೂ ಹೋದರೇ ಎಂದು ಕೇಳಿದಳು. ಫರ್ಗಸ್ ಡಾಲ್ಗೆಟಿ ಮತ್ತವನ ಮಗಳು ಜನೆಟ್ ಒಂಬತ್ತಕ್ಕೇ ಹತ್ತಿದರು ಎಂದ ಕ್ಲೈವ್.

"ಹಲಗೆ ನೋಡಿ ನಕ್ಕ ಮುದುಕ. ಮೊರಾಗ್ ಬರ್ದಿದಾಳೆ ಅಂದ್ಮೇಲೆ ಇನ್ನೇನು ಕೇಳೋದು ಅಂದ."

ಮೊರಾಗ್ ಆಗಲೇ ಬಾಗಿಲಿಗೆ ಹೊರಟಿದ್ದಳು. ಸ್ಕೀ ಗಸ್ತಿನ ರಾವಿರಿಯನ್ನು ಕರೆದು, ಅವರು ಇಳಿಯುವ ಮೊದಲು ಏಣಿನ ಮೇಲೆ ಹಿಡಿಯಬೇಕು ಎಂದಷ್ಟೇ ಹೇಳಿದಳು. ಇಬ್ಬರೂ ಸಲಿಕೆ, ಚುಚ್ಚುಗೋಲು, ಮಡಚುವ ಜಾರುಬಂಡಿ ಬೆನ್ನಿಗೇರಿಸಿಕೊಂಡು ಸ್ಕೀ ಆಡುವವರನ್ನು ಮೇಲಕ್ಕೆಳೆಯುವ ಯಂತ್ರದ ಎಳೆಹಗ್ಗ ಹಿಡಿದು ಹೊರಟರು.

ಎಳೆಹಗ್ಗ ಮುಗಿದ ಮೇಲೆ ಅರ್ಧ ಗಂಟೆಯ ಏರು. ನೆತ್ತಿಯಲ್ಲಿ ಹಿಮವೇ ಉಳಿದಿರಲಿಲ್ಲ. ಗಾಳಿ ಗುಡಿಸಿಟ್ಟ ಬೂದು ಕಲ್ಲು, ಕಲ್ಲಿನ ಸಂದಿಯಲ್ಲಿ ಮಂಜುಗಟ್ಟಿ ಹಳದಿಯಾದ ಒರಟು ಹುಲ್ಲು. ಅದೇ ಗಾಳಿ ಏಣಿನ ತುದಿಯಿಂದ ಹಿಮದ ಪುಡಿಯನ್ನು ಬಾವುಟದಂತೆ ಆಚೆಗೆ ಹಾರಿಸುತ್ತಿತ್ತು. ಕೆಳಗೆ ದೂರದಲ್ಲಿ ನದಿ ಹೆಣೆದ ಜಡೆಯ ಹಾಗೆ ಬಿಸಿಲಿಗೆ ಹೊಳೆಯುತ್ತಿತ್ತು. ನೋಡಿದವರು ಎಂಥ ಒಳ್ಳೆಯ ದಿನ ಎನ್ನಬೇಕು, ಹಾಗಿತ್ತು.

"ಸ್ವಲ್ಪ ನಿಧಾನ, ಮುದುಕಿ," ಎಂದ ಹಿಂದಿನಿಂದ ರಾವಿರಿ. "ನಿನ್ನೂ ಹೊತ್ಕೊಂಡು ಇಳಿಯೋಕೆ ನನ್ ಕೈಲಾಗಲ್ಲ."

ಬೇರೆ ದಿನವಾಗಿದ್ದರೆ ಅವಳು ತಿರುಗಿ ಬೈಯುತ್ತಿದ್ದಳು.

ಏಣು ಮುಟ್ಟಿದಾಗ ಅವರು ಕಂಡರು. ಇನ್ನೂರು ಮೀಟರ್ ಆಚೆ, ಕೆಂಪು ಅಂಗಿಯ ಫರ್ಗಸ್, ಅವನ ಹಿಂದೆ ಜನೆಟ್. ಮೊರಾಗ್ ಸೀಟಿ ಊದಿದಳು. ಗಾಳಿ ಸದ್ದನ್ನು ಹಿಂದಕ್ಕೆ ತಳ್ಳಿತು. ರಾವಿರಿ ಎರಡೂ ಕೈ ಎತ್ತಿ ಬೀಸಿದ.

ಫರ್ಗಸ್ ನೋಡಿದ. ಅವಳನ್ನು ಗುರುತು ಹಿಡಿದು ಕೋಲೆತ್ತಿ ನಮಸ್ಕರಿಸುವವನಂತೆ ಆಡಿಸಿದ. ಆಮೇಲೆ ಇಳಿದ.

ಮೂರು ತಿರುವು. ನಾಲ್ಕನೆಯದಕ್ಕೆ ಬೆಟ್ಟದೊಳಗಿಂದ ಗುಮ್ಮೆಂದು ಸದ್ದು ಬಂತು. ಜನೆಟ್ ನಿಂತಿದ್ದ ಅಂಚಿನಿಂದಲೇ ಒಂದು ಗೆರೆ ಸರ್ರನೆ ಓಡಿತು. ಗೆರೆಯ ಕೆಳಗಿದ್ದ ಇಡೀ ಇಳಿಜಾರು ಒಡೆದು, ಅವಳನ್ನೂ ಸೆಳೆದುಕೊಂಡು ಜಾರಿತು. ಕೆಂಪು ಅಂಗಿ ಒಮ್ಮೆ ಮೇಲೆ ಬಂದು ಮುಳುಗಿತು. ಎಲ್ಲ ನಿಂತಾಗ ಬೋಗುಣಿಯ ತಳದಲ್ಲಿ ಹಿಮದ ಗಡ್ಡೆಗಳು ಬಿಟ್ಟು ಮತ್ತೇನೂ ಇರಲಿಲ್ಲ.

ಮೊರಾಗ್ ಗಡಿಯಾರ ನೋಡಿದಳು. ಹತ್ತು ಇಪ್ಪತ್ತೆಂಟು. ಬೋಗುಣಿಯ ಬಲಬದಿಯ ಹಿಮ ಇನ್ನೂ ಜಾರದೆ ತುಂಬಿಯೇ ಇತ್ತು. ಖಾಲಿಯಾದ ಜಾಡಿನಲ್ಲೇ ಇಬ್ಬರೂ ನೇರ ಕೆಳಗಿಳಿದರು.

ಹೂತವರ ಮೈಮೇಲಿನ ಯಂತ್ರದ ಸಂಕೇತ ಹಿಡಿಯುವ ಪತ್ತೆಯಂತ್ರ ಎರಡು ಕಡೆ ದನಿ ಕೊಟ್ಟಿತು. ಒಂದು ಒಂದು ಮೀಟರ್ ಆಳದಲ್ಲಿ, ಇನ್ನೊಂದು ಸುಮಾರು ಮೂರು ಮೀಟರ್ ಆಳದಲ್ಲಿ. ಯಾರು ಎಲ್ಲಿದ್ದಾರೆ ಎಂದು ಯಂತ್ರ ಹೇಳುವುದಿಲ್ಲ.

"ಮೇಲಿರೋದು ಮೊದ್ಲು," ಎಂದಳು ಮೊರಾಗ್.

"ಇಬ್ರಿದೀವಿ. ಒಬ್ಬೊಬ್ರು ಒಂದೊಂದು ಕಡೆ ಅಗೆಯೋಣ."

"ಹಾಗೆ ಮಾಡಿದ್ರೆ ಇಬ್ರೂ ಹೋಗ್ತಾರೆ. ಇಲ್ಲೇ ಅಗಿ."

ಅಗೆದರು. ಹಿಮ ಗಾರೆಯಂತೆ ಬಿಗಿದಿತ್ತು. ಹನ್ನೆರಡನೆಯ ನಿಮಿಷಕ್ಕೆ ನೀಲಿ ಟೋಪಿ ಸಿಕ್ಕಿತು. ಮೊರಾಗ್ ಬೆರಳು ಹಾಕಿ ಬಾಯಿಯ ಹಿಮ ತೆಗೆದಳು. ತುಟಿ ನೀಲಿಗಟ್ಟಿತ್ತು. ಉಸಿರಿರಲಿಲ್ಲ. ಮೂಗು ಹಿಡಿದು ಐದು ಸಲ ಬಾಯಿಗೆ ಉಸಿರೂದಿದಳು. ಆರನೆಯದಕ್ಕೆ ಜನೆಟ್ ಕೆಮ್ಮಿದಳು.

ಅವಳನ್ನು ಹೊರಗೆಳೆದು ಹೊದಿಸಿ ಇನ್ನೊಂದು ಕಡೆಗೆ ಓಡಿದರು. ಚುಚ್ಚುಗೋಲು ಎರಡೂಮುಕ್ಕಾಲು ಮೀಟರ್‌ನಲ್ಲಿ ಮೆತ್ತನೆಯ ಏನಕ್ಕೋ ತಾಗಿತು. ಅರ್ಧ ಗಂಟೆ ಅಗೆದರೂ ಗುಂಡಿ ಎದೆಮಟ್ಟ ದಾಟಲಿಲ್ಲ. ರೇಡಿಯೋದಲ್ಲಿ ಕ್ಲೈವ್, ಈ ಗಾಳಿಗೆ ಹೆಲಿಕಾಪ್ಟರ್ ಏಳುವುದಿಲ್ಲ, ಬೇರೆ ಜನ ಕಣಿವೆಯ ಕಡೆಯಿಂದ ಬರಲು ಎರಡು ಗಂಟೆಯಾದರೂ ಬೇಕು ಎಂದ.

ಆಗ ಬಲಬದಿಯಿಂದ ಒಂದು ತುಂಡು ಕಳಚಿ ಬಿತ್ತು. ಹಿಮದ ಧೂಳು ಮೂವರನ್ನೂ ಮುಚ್ಚಿ ಹೋಯಿತು. ಮೇಲೆ ಅದರ ಹತ್ತರಷ್ಟು ನೇತಾಡುತ್ತಿತ್ತು. ಮೊರಾಗ್ ಸಲಿಕೆ ನಿಲ್ಲಿಸಿದಳು.

"ಸಾಕು ರಾವಿರಿ. ಹೊರಡೋಣ."

"ಇಲ್ಲೇ ಇದಾನಲ್ಲ. ಇನ್ನೊಂದೂವರೆ ಮೀಟರ್ ಅಷ್ಟೇ."

"ಗೊತ್ತು. ಅವಳು ಬದುಕಿದಾಳೆ. ನೀನೂ ಬದುಕಿದೀಯ. ಬಂಡಿ ಬಿಚ್ಚು."

ರಾವಿರಿ ಅವಳ ಮುಖ ನೋಡದೆ ಬಂಡಿ ಬಿಚ್ಚಿದ. ಬಂಡಿಗೆ ಕಟ್ಟುವಾಗ ಅಪ್ಪ ಎಲ್ಲಿ ಎಂದು ಜನೆಟ್ ಒಂದೇ ಸಲ ಕೇಳಿದಳು. ಮೊರಾಗ್ ಗುಂಡಿಯ ಕಡೆ ಕೈ ತೋರಿಸಿದಳು.

ಬೋಗುಣಿಗೆ ಇನ್ನಾರೂ ಬರಬೇಡಿ, ರಸ್ತೆಯಲ್ಲೇ ಕಾಯಿರಿ ಎಂದು ರೇಡಿಯೋದಲ್ಲಿ ಹೇಳಿ ಹೊರಟರು. ಕಣಿವೆಯ ಇಳಿತ ಎರಡೂವರೆ ಗಂಟೆ ಹಿಡಿಯಿತು. ತೊರೆಯ ಮೇಲಿನ ಮಂಜುಗಡ್ಡೆ ಎರಡು ಕಡೆ ಒಡೆಯಿತು. ಸೊಂಟದವರೆಗೆ ನೀರಲ್ಲಿ ನಿಂತು ಬಂಡಿಯನ್ನು ತಲೆಯ ಮೇಲೆ ದಾಟಿಸಿದರು. ಬೀಚ್ ಮರಗಳ ಕಾಡಿನಲ್ಲಿ ಬಂಡಿ ಮಗುಚದಂತೆ ರಾವಿರಿ ಹಿಂದಿನಿಂದ ಜೋತುಬಿದ್ದ. ಮೊರಾಗ್‌ಳ ಹೆಗಲಿನ ಚರ್ಮ ಹಗ್ಗಕ್ಕೆ ಕಿತ್ತುಬಂತು. ದಾರಿಯುದ್ದಕ್ಕೂ ಜನೆಟ್ ಒಂದೇ ಮಾತು ಆಡಿದಳು.

"ಮೂವತ್ತು ಅಂತ ನೀನೇ ಬರ್ದಿದ್ದೆ."

"ಹೌದು, ನಾನೇ," ಎಂದಳು ಮೊರಾಗ್. ಕ್ಲೈವ್ ಬಿಟ್ಟ ಸಾಲಿನ ಮಾತು ನಾಲಿಗೆಯವರೆಗೂ ಬಂತು. ವಿಚಾರಣೆಯಲ್ಲಿ ಅದನ್ನು ಅಕ್ಷರ ಬಿಡದೆ ಹೇಳುವೆನೆಂದು ಆಗಲೇ ನಿರ್ಧರಿಸಿದ್ದಳು. ಆದರೆ ಬಂಡಿಯಲ್ಲಿ ಕಟ್ಟಿಸಿಕೊಂಡು ಮಲಗಿದವಳ ಮುಂದೆ ಅದು ನುಣುಚಿಕೊಳ್ಳುವ ಮಾತಿನಂತೆ ಕೇಳಿಸುತ್ತದೆ ಅನಿಸಿತು.

ರಸ್ತೆಯಲ್ಲಿ ಆಂಬುಲೆನ್ಸ್ ಕಾಯುತ್ತಿತ್ತು. ಬಾಗಿಲು ಹಾಕುವ ಮುಂಚೆ ಜನೆಟ್ ಅವಳ ತೋಳು ಹಿಡಿದಳು.

"ಅಪ್ಪನ್ನ ತರೋಕೆ ನೀನೇ ಹೋಗ್ಬೇಕು. ಯಾವಾಗ ಹೋಗ್ಬಹುದು ಅಂತಾನೂ ನೀನೇ ಹೇಳು. ಬೇರೆಯವ್ರ ಮಾತು ನಾನು ನಂಬಲ್ಲ."

ಎರಡು ದಿನ ಮೊರಾಗ್ ಆಗದು ಎಂದಳು. ಗಾಳಿ ನಿಂತಿತ್ತು, ಆಕಾಶ ತಿಳಿಯಾಗಿತ್ತು, ಜನ ಗೊಣಗಿದರು. ಎರಡನೆಯ ದಿನ ಮಧ್ಯಾಹ್ನ ಬಲಬದಿ ತಾನಾಗಿಯೇ ಕಳಚಿ ಬಿತ್ತು. ಮೂರನೆಯ ಬೆಳಿಗ್ಗೆ ಅವಳು ಹಿಮದಲ್ಲಿ ಗುಂಡಿ ತೋಡಿ, ಪದರಗಳನ್ನು ಅಂಗೈಯಿಂದ ತಟ್ಟಿ ನೋಡಿ, ಹೋಗೋಣ ಎಂದಳು. ಆರು ಜನ ಹೋದರು, ಸಂಜೆಯೊಳಗೆ ಫರ್ಗಸ್‌ನನ್ನು ಬಂಡಿಯಲ್ಲಿ ಕಟ್ಟಿಕೊಂಡು ಆರು ಜನವೂ ತಿರುಗಿ ಬಂದರು.

ಕಾಡು ಮುಗಿಯುವಲ್ಲಿ ಜನೆಟ್ ನಿಂತಿದ್ದಳು, ಪೆಟ್ಟಾದ ಒಂದು ಕೈ ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿ. ಇನ್ನೊಂದು ಕೈಯಿಂದ ಮೊರಾಗ್ ಎಳೆಯುತ್ತಿದ್ದ ಬಂಡಿಯ ಹಗ್ಗ ಹಿಡಿದಳು. ರಸ್ತೆಯವರೆಗೆ ಇಬ್ಬರೂ ಅಕ್ಕಪಕ್ಕ ನಡೆದು ಅವನನ್ನು ಎಳೆದರು.