ಅಚ್ಚಾಗದ ಮೂರನೇ ಪುಸ್ತಕ

ಭಾನುವಾರದ ಪುರವಣಿ ಬಿಡಿಸಿದ ಕೂಡಲೇ ಅವಳಿಗೆ ಮೈಯೆಲ್ಲ ಉರಿದುಹೋಯಿತು. ಅವಳು ಬರೆದದ್ದು ಮೂರು ಪುಸ್ತಕಗಳ ಬಗ್ಗೆ. ಅಚ್ಚಾಗಿದ್ದು ಎರಡರ ಬಗ್ಗೆ ಮಾತ್ರ.

ಅವಳು ಫಿಸಿಯೋಥೆರಪಿಸ್ಟ್. ಹಗಲೆಲ್ಲ ಯಾರ್ಯಾರದೋ ಹಿಡಿದುಕೊಂಡ ಕುತ್ತಿಗೆ, ಊದಿದ ಮೊಣಕಾಲು. ಬಿಡುವು ಸಿಕ್ಕರೆ ಪುಸ್ತಕ. ಪುಟ್ಟ ಮಕ್ಕಳದ್ದು, ಹದಿಹರೆಯದವರದ್ದು, ದೊಡ್ಡವರದ್ದು, ಹೀಗೆ ಈಚೆಗೆ ಓದಿದ್ದರ ಬಗ್ಗೆ ಪತ್ರಿಕೆಗೆ ಅಂಕಣ ಬರೆಯುತ್ತಿದ್ದಳು. ಅದನ್ನು ತಿದ್ದುವ ಉಪಸಂಪಾದಕನಿಗೆ ಆಫೀಸಿನಲ್ಲಿ ‘ಕತ್ತರಿ’ ಎಂದೇ ಹೆಸರು. ಒಂದು ಅಲ್ಪವಿರಾಮ ಇರಬೇಕೋ ಬೇಡವೋ ಎಂದು ಫೋನಿನಲ್ಲಿ ಅವಳೊಡನೆ ಗಂಟೆಗಟ್ಟಲೆ ಜಗಳವಾಡುತ್ತಿದ್ದ, ನಗುತ್ತಿದ್ದ. ಅದರಾಚೆಗಿನ ಮಾತು ಮಾತ್ರ ಅವನ ಬಾಯಿಂದ ಹೊರಡುತ್ತಲೇ ಇರಲಿಲ್ಲ. ಕಾದು ಕಾದು ಅವಳಿಗೆ ಸಾಕಾಗಿತ್ತು.

ಮರುದಿನ ಕ್ಲಿನಿಕ್ ಮುಗಿಸಿ ನೇರವಾಗಿ ಪತ್ರಿಕೆಯ ಆಫೀಸಿಗೆ ನುಗ್ಗಿದಳು.

“ನನ್ನ ಮೂರನೇ ಪುಸ್ತಕ ಎಲ್ಲಿ?”

“ಜಾಗ ಇರಲಿಲ್ಲ, ಮೇಡಂ.” ಅವನ ಕಣ್ಣು ಸ್ಕ್ರೀನಿನ ಮೇಲೇ ಇತ್ತು. ಕಿವಿ ಕೆಂಪಾಗಿತ್ತು.

“ಕತ್ತಲೆಗೆ ಹೆದರೋ ಏಡಿ ಮರಿಗೆ ಜಾಗ ಇತ್ತು. ಸ್ವಿಮ್ಮಿಂಗ್ ಟೀಮ್ ಬಿಟ್ಟು ಓಡಿಹೋದ ಹುಡುಗಿಗೂ ಇತ್ತು. ಲವ್ ಸ್ಟೋರಿ ಬಂದ ತಕ್ಷಣ ಖಾಲಿ ಆಗೋಯ್ತಾ?”

“ಏಡಿ ಮರಿ ಬಗ್ಗೆ ತುಂಬಾ ಚೆನ್ನಾಗಿ ಬರೆದಿದ್ರಿ. ಹೆದರಿಕೆ ಹೋಗಿಲ್ಲ, ಆದ್ರೂ ಹೊರಗೆ ಬಂತಲ್ಲ, ಅದೇ ಇಷ್ಟ ಆಯ್ತು ಅಂತ…”

“ಮಾತು ಹಾರಿಸ್ಬೇಡಿ.”

ಅವನು ನಿಟ್ಟುಸಿರು ಬಿಟ್ಟು ಸ್ಕ್ರೀನನ್ನು ಅವಳ ಕಡೆ ತಿರುಗಿಸಿದ. ಅವಳದೇ ಸಾಲುಗಳು: ‘ಈ ಕಾದಂಬರಿಯ ನಾಯಕ ಪುಟಗಟ್ಟಲೆ ಪ್ರೀತಿಸುತ್ತಾನೆ, ಬಾಯಿ ಮಾತ್ರ ಬಿಡುವುದಿಲ್ಲ. ಇಂಥವನಿಗಾಗಿ ಕಾದು ಕೂತ ನಾಯಕಿಗೆ ಬುದ್ಧಿ ಹೇಳುವವರು ಯಾರೂ ಇಲ್ಲವೇ?’

“ಇದರಲ್ಲೇನು ತಪ್ಪಿದೆ?”

“ತಪ್ಪೇನಿಲ್ಲ. ಪೇಜ್ ಮಾಡೋವ್ರು ಓದಿ ನನ್ನ ಮುಖ ನೋಡಿ ನಕ್ಕರು. ನನ್ನ ಬಗ್ಗೇನೇ ಬರೆದ ಹಾಗಿದೆಯಂತೆ.”

“ಅವರಿಗೆ ಅರ್ಥ ಆಯ್ತು. ನಿಮಗೆ?”

ಅವನು ಪೆನ್ನಿನ ಮುಚ್ಚಳ ತೆಗೆದ, ಹಾಕಿದ. ಅವಳು ಉಸಿರು ಬಿಗಿಹಿಡಿದು ನಿಂತಳು. ಅಷ್ಟರಲ್ಲಿ ಫೋನ್ ರಿಂಗಾಯಿತು. ಬದುಕಿದೆಯಾ ಬಡಜೀವವೇ ಎನ್ನುವಂತೆ ಅವನು ಅದರತ್ತ ನೋಡಿದ.

ಆ ನೋಟ ಕಂಡು ಅವಳ ತಾಳ್ಮೆ ತಪ್ಪಿತು.

“ಇನ್ಮೇಲೆ ಅಂಕಣ ಬೇರೆಯವರ ಹತ್ರ ಬರೆಸ್ಕೊಳ್ಳಿ,” ಎಂದವಳೇ ಹೊರಟಳು. ಕಣ್ಣಲ್ಲಿ ನೀರು ಬಂದಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಮೆಟ್ಟಿಲು ಅರ್ಧ ಇಳಿದಿರುವಾಗ ಹಿಂದೆ ದಡದಡ ಸದ್ದು. ಮೇಲೆ ಫೋನ್ ಇನ್ನೂ ಬಡಿದುಕೊಳ್ಳುತ್ತಲೇ ಇತ್ತು.

“ನಿಲ್ಲಿ. ಸ್ವಲ್ಪ ಟೈಮ್ ಕೊಡಿ, ಸರಿಯಾಗಿ ಹೇಳ್ತೀನಿ.”

“ತಪ್ಪುತಪ್ಪಾಗೇ ಹೇಳಿ. ನಾನು ತಿದ್ಕೋತೀನಿ.”

ಅವನು ಮೆಟ್ಟಿಲಿನ ಕಂಬಿ ಹಿಡಿದುಕೊಂಡ. “ನಿಮ್ಮ ಫೋನ್ ಬರದ ದಿನ ಎಲ್ಲರ ಮೇಲೂ ರೇಗ್ತೀನಿ. ನೀವಂದ್ರೆ ಇಷ್ಟ. ತುಂಬಾ ದಿನದಿಂದ. ಮನೇಲಿ ಅಮ್ಮನಿಗೂ ಗೊತ್ತು, ನಿಮಗೊಬ್ಬರಿಗೇ…”

“ನನಗೊಬ್ಬಳಿಗೇ ಹೇಳಿರಲಿಲ್ಲ,” ಎಂದಳು ಅವಳು. ಸಿಟ್ಟು ಇನ್ನೂ ಇಳಿದಿರಲಿಲ್ಲ. ಆದರೂ ಮೆಟ್ಟಿಲು ಹತ್ತಿ ಬಂದು ಅವನ ಪಕ್ಕದಲ್ಲಿ ನಿಂತಳು.