ತಣ್ಣಗಿರಬೇಕಾದ ಪ್ಲೇಟು

ನಾನು ಮಕ್ಕಳ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಎದೆಯೊತ್ತಿ ನಿಲ್ಲಬೇಕಾದ ಪ್ಲೇಟು ತಣ್ಣಗೆ ಕೊರೆಯುವುದರಿಂದ ಮಕ್ಕಳು ಕಿರುಚಿ ಕೊಸರಾಡುತ್ತಾರೆ.

ಅಂದು ಮಧ್ಯಾಹ್ನ ಬಂದ ಪುಟ್ಟ ಹುಡುಗಿಗೆ ಮೈ ಕೆಂಡ, ಏದುಸಿರು. ನ್ಯುಮೋನಿಯಾ ಇರಬಹುದೆಂದು ಡಾಕ್ಟರು ಕಳಿಸಿದ್ದರು. ಅವಳಮ್ಮ ತುಂಬು ಬಸುರಿ, ಒಳಗೆ ಬರುವಂತಿರಲಿಲ್ಲ. ಬಾಗಿಲಾಚೆ ನಿಂತು ಬಿಕ್ಕುತ್ತಿದ್ದಳು.

ಮಗು ಅಳಲಿಲ್ಲ. ಪ್ಲೇಟನ್ನು ತಬ್ಬಿ ಕೆನ್ನೆಯಿಟ್ಟಿತು.

“ಚಳಿ ಆಗ್ತಿಲ್ವಾ ಪುಟ್ಟಿ?”

“ಇಲ್ಲ ಆಂಟಿ, ಬೆಚ್ಚಗಿದೆ.”

ಚಿತ್ರ ಒಂಚೂರೂ ಕದಲದೆ ಬಂತು. ಬಲ ಶ್ವಾಸಕೋಶದ ಬುಡದಲ್ಲಿ ಮಾತ್ರ ಬಿಳಿ ಮೋಡ.

“ಬೇಗ ತಂದ್ರಿ ತಾಯಿ, ವಾಸಿಯಾಗತ್ತೆ,” ಎಂದರು ಡಾಕ್ಟರು.

ತಾಯಿ ಮಗು ಹೋದಮೇಲೆ ಯಂತ್ರ ಆರಿಸಿ ಪ್ಲೇಟಿಗೆ ಕೈಯಿಟ್ಟೆ. ಆಗತಾನೇ ಎದ್ದವರ ಹಾಸಿಗೆಯಂತೆ ಬೆಚ್ಚಗಿತ್ತು. ಕಿವಿಯಿಟ್ಟೆ. ಒಳಗೊಂದು ಎದೆ ಬಡಿಯುತ್ತಿತ್ತು, ದೊಡ್ಡವರದು, ನಿಧಾನವಾಗಿ. ಕಿವಿ ತೆಗೆಯಲು ನನಗೆ ಮನಸ್ಸೇ ಬರಲಿಲ್ಲ.